ಊಟಕ್ಕೋ, ಶೋಕಿಗೋ?

ನಾನು ಮೀನು ತಿನ್ನುವವನಲ್ಲ. ಅದರ ವಾಸನೆ ಬಂದರೆ ಮೂಗಿಗೆ ಟವೆಲ್ಲು ಹಿಡಿಯುವ ಮನೆತನ ನಮ್ಮದು. ಆದರೆ ಮನುಷ್ಯನಿಗೆ ಎಂಥೆಂಥ ಹುಚ್ಚೋ! ಹಿರಿಯೂರಿಗೆ ವರ್ಗವಾಗಿ ಬಂದ ಮೇಲೆ ನನಗೆ ಗಾಳದ ಹುಚ್ಚು ಹತ್ತಿತು. ಭಾನುವಾರ ಹೆಂಡತಿಗೆ ದೇವಸ್ಥಾನವೆಂದು ಹೇಳಿ ಮಾರಿಕಣಿವೆಯ ಹಿನ್ನೀರಿಗೆ ಹೋಗುವುದು, ಸಿಕ್ಕ ಮೀನನ್ನು ಮತ್ತೆ ನೀರಿಗೇ ಬಿಟ್ಟು, ಕೈತೊಳೆದು, ವಿಭೂತಿ ಬಳಿದುಕೊಂಡು ಮನೆಗೆ ಬರುವುದು.

ಒಂದು ಭಾನುವಾರ ಮೀನುಗಾರಿಕೆ ಇಲಾಖೆಯ ಕಾವಲುಗಾರ ತಿಪ್ಪೇಸ್ವಾಮಿ ಬೆನ್ನ ಹಿಂದೆ ಬಂದು ನಿಂತ. “ಲೈಸೆನ್ಸ್ ಐತೇನ್ರಿ?”

ಮೀನು ಹಿಡಿಯಲಿಕ್ಕೂ ಲೈಸೆನ್ಸೇ! ನಾನು ಪಿಳಿಪಿಳಿ ಕಣ್ಣುಬಿಟ್ಟೆ.

“ಮನೆ ಊಟಕ್ಕೆ ಹಿಡಿಯೋರಿಗೆ ಮಾಫಿ ಐತೆ. ಮಾರೋರಿಗೆ, ಶೋಕಿಗೆ ಹಿಡಿಯೋರಿಗೆ ಲೈಸೆನ್ಸ್ ಬೇಕು. ಇಲ್ಲಾಂದ್ರೆ ಗಾಳ ಜಪ್ತಿ. ನಿಮ್ದು ಊಟಕ್ಕೋ, ಶೋಕಿಗೋ?”

ನಾನೇ ಬಿದಿರು ಕೆತ್ತಿ, ಎಣ್ಣೆ ಸವರಿ ಸಾಕಿದ ಗಾಳ. “ಊಟಕ್ಕೇ” ಎಂದುಬಿಟ್ಟೆ. ಅವನು ಅತ್ತ ಹೋದ ಕೂಡಲೇ, ಬೀಸೋ ದೊಣ್ಣೆ ತಪ್ಪಿತು ಎಂದುಕೊಂಡು ಎಂದಿನಂತೆ ಮೀನನ್ನು ನೀರಿಗೆ ಬಿಟ್ಟು ಬಂದೆ.

ಸಂಜೆ ನೋಡಿದರೆ ತಿಪ್ಪೇಸ್ವಾಮಿ ನಮ್ಮ ಮನೆ ಬಾಗಿಲಲ್ಲೇ! ಚಿಕ್ಕಜಾಜೂರಿನಿಂದ ಬಂದಿದ್ದ ಅತ್ತೆ ಪೂಜೆಗೆ ಹೂ ಕಟ್ಟುತ್ತಿದ್ದರು. ಅವರ ಮುಂದೆ ಮುತ್ತುಗದೆಲೆಯ ಪೊಟ್ಟಣ ಇಟ್ಟ. “ಅಮ್ಮಾ, ಸಾಹೇಬ್ರು ಊಟದ ಮೀನು ಕೈಜಾರಿ ಬಿಟ್ಕಂಡಿದ್ದು ದೂರದಿಂದ ನೋಡ್ದೆ. ಪಾಪ ಅನ್ನಿಸ್ತು, ಒಂದು ತಂದೀನಿ. ಸಾರು ಮಾಡ್ರಿ.”

ಅತ್ತೆ ತಲೆ ಮೇಲೆ ನೀರು ಸುರಿದುಕೊಂಡವರೇ, ಮರುದಿನ ಹನ್ನೊಂದು ಗಂಟೆಯ ಬಸ್ಸಿಗೆ ಮಗಳನ್ನು ಕರೆದುಕೊಂಡು ಹೋಗುವುದೆಂದು ತೀರ್ಮಾನಿಸಿದರು. “ಶೋಕಿಗೆ ಹಿಡಿದದ್ದು, ತಿನ್ನಲಿಕ್ಕಲ್ಲ” ಎಂದು ನಾನು ಅಂಗಲಾಚಿದರೆ ಕೇಳುವವರು ಯಾರು? ಹೆಂಡತಿ ಹೋದರೆ ನನ್ನ ಗತಿ ಏನು ಎಂದು ರಾತ್ರಿಯಿಡೀ ಹೊರಳಾಡಿದೆ. ಕಡೆಗೆ ಹೊಳೆಯಿತು: ತಿನ್ನುವವನಿಗೆ ಲೈಸೆನ್ಸ್ ಬೇಡ, ಹಾಗಾದರೆ ಲೈಸೆನ್ಸ್ ಇದ್ದವನು ತಿನ್ನುವವನಲ್ಲ!

ಬೆಳಿಗ್ಗೆ ಮೀನುಗಾರಿಕೆ ಆಫೀಸು ಬಾಗಿಲು ತೆಗೆಯುವುದನ್ನೇ ಕಾದು ಶೋಕಿಯ ಲೈಸೆನ್ಸ್ ಮಾಡಿಸಿ ಬಸ್‌ಸ್ಟ್ಯಾಂಡಿಗೆ ಓಡಿದೆ. ಅತ್ತೆ ಕನ್ನಡಕ ಏರಿಸಿ ಓದಿದರು. “ತಿನ್ನಂಗಿಲ್ಲ ಅಂತ ಇದ್ರಾಗೆ ಎಲ್ಲೈತ್ರಿ? ನೋಡವ್ವ, ಇಷ್ಟು ದಿನ ಕದ್ದು ತಿಂತಿದ್ರು, ಇನ್ಮೇಲೆ ಸರ್ಕಾರದ ಹುಕುಂ ತಗಂಡು ತಿಂತಾರೆ!”

ಹೆಂಡತಿ ಕಿಸಕ್ಕನೆ ನಕ್ಕಳು. “ಸುಮ್ನಿರವ್ವ. ಸಂತೇಲಿ ಹುಳ ಇಲ್ಲದ ಬದನೆಕಾಯಿ ಆರಿಸಾಕೆ ಬರಲ್ಲ, ಇವ್ರು ಮೀನು ಹಿಡೀತಾರಾ? ಹಿಡಿದ್ರೆ ತಾನೇ ತಿನ್ನೋದು!”

ಅತ್ತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ತಕ್ಷಣ ನಂಬಿದರು. “ಅದೂ ಖರೇನೇ. ನಡಿ, ಮನೆಗೆ ಹೋಗಾಣ” ಎಂದು ಗಂಟು ಎತ್ತಿಕೊಂಡರು.

ಮೊಳದುದ್ದದ ಮೀನು ಹಿಡಿದಿದ್ದೇನೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೆಂಡತಿಯ ಮುಖ ನೋಡಿ ನುಂಗಿಕೊಂಡೆ.