ಕಾಕಾ ಮಾಡುವ ಹುಲ್ಲು

ನಮ್ಮ ಕಾಕಾ ಹುಲ್ಲು ತಿನ್ನುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದಿನದನ್ನೆಲ್ಲ ಓದಿದರೆ ನಿಮಗೆ ಆ ಅನುಮಾನ ಬಂದೇ ಬರುತ್ತದೆ! ಗಜೇಂದ್ರಗಡದಲ್ಲಿ ಸೀರೆ ನೇಯುವ ಈ ಮನುಷ್ಯ ಮಗ್ಗದಿಂದ ಎದ್ದ ಕೂಡಲೇ ಹುಲ್ಲು ಮಾಡಲು ಕೂಡುತ್ತಾರೆ. ಬೆಳೆಯುವುದಲ್ಲ, ಮಾಡುವುದು. ಹಲಗೆಯ ಮೇಲೆ ಗೇಣುದ್ದದ ಗುಡ್ಡ, ಬೆಂಕಿಪೆಟ್ಟಿಗೆಯಷ್ಟು ಮನೆ, ಅವುಗಳ ಸುತ್ತ ಅಕ್ಕಿಕಾಳಿಗಿಂತ ಗಿಡ್ಡವಾದ ಹುಲ್ಲು. ದೇವರು ಪುಕ್ಕಟೆ ಕೊಟ್ಟದ್ದನ್ನು ಮೈಮುರಿದು ಮಾಡುವವನಿಗೆ ಏನೆನ್ನಬೇಕು? ನಿಮ್ಮ ಬಾಯಿಗೆ ಏನು ಬಂತೋ ಅದನ್ನು ನಮ್ಮ ಮನೆಯವರೆಲ್ಲ ಎಂದೋ ಅಂದು ಮುಗಿಸಿದ್ದಾರೆ.

ಸೀರೆಯ ಅಂಚಿಗೆ ಹಾಕಿ ಉಳಿದ ನುಣುಪು ಎಳೆಗಳನ್ನು ಕಾಕಾ ಸಣ್ಣಗೆ ಕತ್ತರಿಸಿ, ಬಣ್ಣ ಹಾಕಿ ಒಣಗಿಸುತ್ತಾರೆ. ಮೊದಮೊದಲು ಅವನ್ನು ಅಂಟು ಬಳಿದ ಹಲಗೆಯ ಮೇಲೆ ಉದುರಿಸಿದರೆ ಎಲ್ಲವೂ ಮಲಗಿಬಿಡುತ್ತಿದ್ದವು. ಮಲಗಿದ್ದು ಹುಲ್ಲಲ್ಲ, ಕಸ ಎಂದು ಕಾಕಾನ ತಕರಾರು. ಅದಕ್ಕೇ ಒಂದು ದಿನ ಸೊಳ್ಳೆ ಹೊಡೆಯುವ ಕರೆಂಟಿನ ಬ್ಯಾಟಿನ ಬಲೆ ಕಿತ್ತು, ಆ ಜಾಗಕ್ಕೆ ಅಡುಗೆಮನೆಯ ಚಹಾ ಸೋಸುವ ಜಾಳಿಗೆ ಕಟ್ಟಿದರು. ಬ್ಯಾಟಿನ ಇನ್ನೊಂದು ತಂತಿಯನ್ನು ಹಲಗೆಯ ಹಸಿ ಅಂಟಿನಲ್ಲಿ ಚುಚ್ಚಿದರು. ಜಾಳಿಗೆಗೆ ಎಳೆ ತುಂಬಿ, ಗುಂಡಿ ಒತ್ತಿ ಅಲುಗಾಡಿಸಿದರೆ, ಏನು ಹೇಳಲಿ! ಹೆಡ್‌ಮಾಸ್ತರರು ಒಳಗೆ ಬಂದಾಗ ನಮ್ಮ ಶಾಲೆಯ ಮಕ್ಕಳು ಏಳುವಂತೆ ಕರೆಂಟಿನ ಸೆಳೆತಕ್ಕೆ ಒಂದೊಂದು ಎಳೆಯೂ ಎದ್ದು ನಿಂತಿತು.

ನಾನು ಚಪ್ಪಾಳೆ ತಟ್ಟಿದೆ. ಕಾಕಾನ ಹೆಂಡತಿ, ನಮ್ಮ ಕಾಕು, ತಟ್ಟಲಿಲ್ಲ. ಆಕೆಗೆ ಸಂಜೆ ಸೊಳ್ಳೆ ಹೊಡೆಯಲು ಬ್ಯಾಟೂ ಇಲ್ಲ, ಚಹಾ ಸೋಸಲು ಜಾಳಿಗೆಯೂ ಇಲ್ಲ! ಮರುದಿನ ಬೀಗರು ಬಂದಾಗ ಅದೇ ಜಾಳಿಗೆಯನ್ನು ಬಿಚ್ಚಿ, ತೊಳೆದು ಬಳಸಿದಳು. ಬೀಗರು ಕಪ್ಪಿನ ತಳದಲ್ಲಿ ಹಸಿರು ಕಂಡು, ತುಳಸಿ ಹಾಕಿದ ಚಹಾ ಚಲೋ ಆಗಿದೆ ಎಂದು ಹೊಗಳಿ, ಇನ್ನೊಂದು ಕಪ್ಪು ಕೇಳಿ ಕುಡಿದು ಹೋದರು.

ಒಂದು ಸಲ ಮಾತ್ರ ಹುಲ್ಲಿಗೆ ಮರ್ಯಾದೆ ಬರುವ ಲಕ್ಷಣ ಕಂಡಿತು. ನರಗುಂದದಲ್ಲಿ ಪ್ಲಾಟು ಮಾರುವವರೊಬ್ಬರು ತಮ್ಮ ಲೇಔಟಿನ ಮಾಡೆಲ್ ಬೇಕೆಂದು ಕಾಕಾನನ್ನು ಕರೆಸಿದರು. ರಸ್ತೆ, ಕಂಬ, ಗೇಟು ಎಲ್ಲ ಅವರು ಹೇಳಿದಂತೆಯೇ ಆಯಿತು. ಹುಲ್ಲು ಮಾತ್ರ ಬೂದು ಹಳದಿ, ಅಲ್ಲಲ್ಲಿ ಆಡು ಮೇಯ್ದ ಬೋಳು, ನಡುವೆ ಎರೆಮಣ್ಣಿನ ಬಿರುಕು! ಗಾರ್ಡನ್ ಎಲ್ಲಿ ಎಂದು ಅವರು ಕೇಳಿದರು.

“ಸಾಹೇಬ್ರ, ಶಿವರಾತ್ರಿಗೆ ನಿಮ್ಮ ಹೊಲದಾಗ ನಿಂತು ನೋಡೀನಿ. ಅಲ್ಲೆ ಹುಲ್ಲು ಹಿಂಗ ಐತ್ರಿ,” ಎಂದರು ಕಾಕಾ.

ಸಾಹೇಬರು ವಾದ ಮಾಡಲಿಲ್ಲ. ಅಂಗಡಿಯಿಂದ ಹಸಿರು ರಂಗೋಲಿ ತರಿಸಿ, ಆ ಹುಲ್ಲಿನ ಮೇಲೆ ಕಾಕಾನ ಎದುರಿಗೇ ಸುರಿಸಿದರು. ಜನ ಅದನ್ನೇ ನೋಡಿ ಪ್ಲಾಟು ಹಿಡಿದರು. ಸುಳ್ಳು ಹಸಿರಿಗಿರುವ ಗಿರಾಕಿ ಖರೇ ಹುಲ್ಲಿಗೆ ಎಲ್ಲಿಂದ ಬರಬೇಕು? ಕಾಕಾ ಬಸ್ಸು ಹತ್ತಿ ಮನೆಗೆ ಬಂದರು.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ನನಗೆ ಈ ಹುಲ್ಲಿನ ಮೇಲೆ ಖರೇ ಸಿಟ್ಟು ಬಂದದ್ದು ಕಾಕುವಿನ ಕಾರಣಕ್ಕೆ. ಆಕೆಯ ತವರು ಮೆಣಸಗಿ. ಮಲಪ್ರಭೆ ಏರಿ ಬಂದ ವರ್ಷ ಹೊಳೆಯ ಕಡೆಗಿದ್ದ ಅವರ ಮಣ್ಣಿನ ಮಾಳಿಗೆಮನೆ ಕುಸಿದು ಕೂತಿತು. ಆಕೆಯ ಅವ್ವ ಎತ್ತರದ ಜಾಗದ ತಗಡಿನ ಮನೆಗೆ ಹೋದವಳು ಹೆಚ್ಚು ದಿನ ಬಾಳಲಿಲ್ಲ. ಕಾಕು ಒಬ್ಬಳೇ ಮಗಳು. ನಾಗರಪಂಚಮಿ ಬಂದರೆ ಓಣಿಯ ಹೆಣ್ಣುಮಕ್ಕಳೆಲ್ಲ ತವರಿಗೆ ಹೋಗುತ್ತಾರೆ. ಈಕೆ ಉಂಡಿ ಕಟ್ಟಿ ಅವರ ಬುತ್ತಿಗೆ ಹಾಕಿ ಕಳಿಸುತ್ತಾಳೆ. ಆ ಮನೆಯದೊಂದು ಫೋಟೋ ಕೂಡ ಇಲ್ಲ. ಲಗ್ನದಲ್ಲಿ ಪರದೆಯ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವ ಜನ ನಾವು, ಹಿತ್ತಲಿನ ಫೋಟೋ ಯಾರು ತೆಗೆಯುತ್ತಾರೆ?

ಹಾಗಾಗಿ ಕಾಕು ಗಂಡನನ್ನು ಬಾಯಿಬಿಟ್ಟು ಒಂದೇ ಒಂದು ಕೇಳಿದ್ದಳು. “ಊರ ಮಂದೀದೆಲ್ಲ ಮಾಡ್ತೀರಿ. ನಮ್ಮವ್ವನ ಮನಿ ಒಂದ ಮಾಡಿಕೊಡ್ರಿ. ಪಂಚಮಿಗೆ ಅದನ್ನ ನೋಡ್ಕೋತ ಕುಂದರ್ತೀನಿ.”

ಮನೆ ಅದೇ ತಿಂಗಳು ಮುಗಿಯಿತು. ಆದರೆ ಕಾಕಾ ಅದರ ಮೇಲೆ ಹಳೇ ಧೋತರ ಹೊದಿಸಿ, ಯಾರೂ ಮುಟ್ಟಬಾರದೆಂದರು. ಹಿತ್ತಲಿನ ಹುಲ್ಲು ಸರಿ ಬಂದಿಲ್ಲವಂತೆ! ಆ ಪಂಚಮಿಗೂ ಬರಲಿಲ್ಲ, ಮರುವರ್ಷದ ಪಂಚಮಿಗೂ ಬರಲಿಲ್ಲ, ಅದರಾಚೆಗೂ ಬರಲಿಲ್ಲ. ಹೆಂಡತಿಗೆ ತವರು ತೋರಿಸಲು ಹುಲ್ಲಿನ ಅಪ್ಪಣೆ ಬೇಕೇ? ನಾನು ಕಾಕಾನೊಡನೆ ಜಗಳವಾಡಿದೆ. ಕಾಕು ಜಗಳವಾಡುವುದನ್ನೂ ಬಿಟ್ಟಿದ್ದಳು. ಆ ಧೋತರದ ಕಡೆ ನೋಡದೆ ಓಡಾಡುವುದನ್ನು ಕಲಿತಿದ್ದಳು.

ಹುಲ್ಲು ನೋಡಲೆಂದು ಕಾಕಾ ಮೆಣಸಗಿಗೆ ಹೋಗುತ್ತಿದ್ದರು. ಒಮ್ಮೆ ನಾನೂ ಜೊತೆಗೆ ಹೋದೆ. ಹೊಳೆಯ ದಂಡೆಯಲ್ಲಿ ಬೋರಲು ಮಲಗಿ, ಮೂಗು ನೆಲಕ್ಕೆ ತಾಗಿಸಿ, ಪಟ್ಟಿ ಹಿಡಿದು ಹುಲ್ಲಿನ ಎತ್ತರ ಅಳೆಯತೊಡಗಿದರು. ಪಟ್ಟಿ ಹಿಡಿದವರನ್ನು ಕಂಡರೆ ಆ ಊರಿನವರಿಗೆ ಏನನ್ನಿಸಬೇಕು? ಬಿದ್ದ ಮನೆಗಳ ಪರಿಹಾರಕ್ಕೆ ಸರಕಾರದವರು ಅಳತೆಗೆ ಬಂದಿದ್ದಾರೆಂದು ಸುದ್ದಿಯಾಯಿತು! ಕುರ್ಚಿ ಬಂತು, ಚಹಾ ಬಂತು. ಒಬ್ಬ ಮುದುಕರು ಕಾಕಾನ ಕೈ ಹಿಡಿದೆಬ್ಬಿಸಿ, ತಮ್ಮ ಗೋಡೆ ನಿಂತಿದ್ದ ಜಾಗ ತೋರಿಸಿದರು. ಕಾಕಾ ಸುಳ್ಳು ಹೇಳುವವರಲ್ಲ. ತಾವು ಅಳೆಯುತ್ತಿರುವುದು ಹುಲ್ಲನ್ನು ಎಂದರು.

ಮುದುಕರು ಹುಲ್ಲನ್ನು ನೋಡಿದರು, ಕಾಕಾನನ್ನು ನೋಡಿದರು. “ನಮ್ಮ ಮನಿ ಬಿದ್ದಾಗ ಯಾರೂ ಇಷ್ಟ ಬಗ್ಗಿ ನೋಡಲಿಲ್ಲಪಾ,” ಎಂದು ಕೈ ಬಿಟ್ಟರು.

ಕುರ್ಚಿ ವಾಪಸು ಹೋಯಿತು. ಚಹಾ ಮಾತ್ರ ಕುಡಿಯಿರೆಂದು ಬಿಟ್ಟುಹೋದರು. ಅಲ್ಲಿಯತನಕ ನಗುತ್ತಿದ್ದ ನಾನು ಆ ಚಹಾ ಮುಟ್ಟದೆ ಎದ್ದು ನಿಂತೆ.

ಈ ವರ್ಷದ ಪಂಚಮಿಗೆ, ನಾನು ಈಗಿರುವ ರೋಣದಿಂದ ಕಾಕಾನ ಮನೆಗೆ ಹೋಗಿದ್ದೆ. ಕಾಕು ಓಣಿಯವರ ಬುತ್ತಿ ಕಟ್ಟಿ ಕೈ ತೊಳೆಯುತ್ತಿದ್ದಳು. ಕಾಕಾ ಆಕೆಯನ್ನು ಕರೆದು, ಧೋತರ ತೆಗೆದರು.

ಮಣ್ಣಿನ ಮಾಳಿಗೆ, ಮುರುಕು ಕಟ್ಟೆ, ಹಿತ್ತಲಬಾಗಿಲು. ಬಾಗಿಲಿನಿಂದ ಹೊಳೆಯತನಕ ದಟ್ಟವಾದ ಹುಲ್ಲು. ಹಸಿರು ಹುಲ್ಲು! ಶ್ರಾವಣವಲ್ಲವೇ, ಕಾಕಾನೂ ಒಪ್ಪಿದ್ದರು. ಕಾಕು ಸೆರಗಿಗೆ ಕೈ ಒರೆಸುತ್ತಾ ನೋಡಿದಳು. ಎಷ್ಟೋ ವರ್ಷ ನುಂಗಿಕೊಂಡಿದ್ದ ಸಿಟ್ಟು ಮೊದಲು ಬಂತು.

“ಇಷ್ಟ ಕಾಯಿಸಿ, ನಟ್ಟನಡುವ ಬೋಳ ಬಿಟ್ಟೀರಲ್ರಿ. ಇಲ್ಲೆ ಹುಲ್ಲ ಎಲ್ಲೈತಿ?”

ಹೌದು, ಹಿತ್ತಲಬಾಗಿಲಿನಿಂದ ಹೊಳೆಗೆ ನೂಲಿನಂಥ ಒಂದು ಗೆರೆ ಬರೀ ಮಣ್ಣಿತ್ತು. ಕಾಕಾ ಕನ್ನಡಕ ತೆಗೆದು ಅಂಗಿಗೆ ಒರೆಸಿಕೊಂಡರು.

“ಅಲ್ಲೆ ನೀ ನೀರಿಗೆ ಹೋಗತಿದ್ದಿ. ನಾ ಕನ್ಯಾ ನೋಡಾಕ ಬಂದ ದಿನಾನೂ ಕೊಡ ಹೊತ್ತು ಅಲ್ಲಿಂದನ ಬಂದಿ. ದಿನಾ ತುಳದಲ್ಲೆ ಹುಲ್ಲು ಹುಟ್ಟಂಗಿಲ್ಲ.”

ಕಾಕು ಬಾಗಿಲಿನಿಂದ ಹೊಳೆಯತನಕ ಆ ಗೆರೆಯ ಗುಂಟ ನೋಡಿದಳು. ಆಮೇಲೆ ಮೆಲ್ಲಗೆ, “ನಾ ಒಬ್ಬಾಕಿನ ಹೋಗತಿದ್ದಿಲ್ರಿ. ನಮ್ಮವ್ವ ಬಾಜೂಕ ಇರತಿದ್ಲು,” ಎಂದಳು.

ಮುಗಿಯಿತು, ಕಾಕಾ ಮತ್ತೆ ಧೋತರ ಹೊದಿಸುತ್ತಾರೆ, ಇನ್ನೊಂದು ಪಂಚಮಿಯೂ ಹೋಯಿತು ಎಂದುಕೊಂಡೆ. ಕಾಕಾ ಚಿಮಟಿಗೆ ತೆಗೆದುಕೊಂಡು ಬಗ್ಗಿದರು. ವರ್ಷಗಟ್ಟಲೆ ಕೂತು ನಿಲ್ಲಿಸಿದ ಹುಲ್ಲನ್ನು ಒಂದೊಂದೇ ಎಳೆ ಹಿಡಿದು ಕೀಳತೊಡಗಿದರು. ಕಾಕು ಪಕ್ಕದಲ್ಲಿ ಕೂತು, ಬೆರಳು ತೋರಿಸಿ, ಇಲ್ಲೆ ಇನ್ನೊಂಚೂರು ಅನ್ನುತ್ತಿದ್ದಳು. ಅವ್ವ ಮಗಳು ಇಬ್ಬರೂ ಜೋಡಿಯಾಗಿ ನಡೆಯುವಷ್ಟು ದಾರಿ ಅಗಲವಾಗುವತನಕ ಕಾಕಾ ಕಿತ್ತರು.