ಸರಾಸರಿಗೆ ಒಬ್ಬ ಕಡಿಮೆ

ವೈಜಿನಾಥ ಆ ದಿನ ಬಾಯಿ ಮುಚ್ಚಿಕೊಂಡು ಚಹಾ ಕುಡಿದಿದ್ದರೆ ಸಂಜೆಯ ಬಸ್ಸಿಗೆ ತಾಂಡೂರು ಸೇರಿ, ಮರುದಿನ ನಾರಾಯಣಖೇಡದ ಮನೆಯಲ್ಲಿ ಹೆಂಡತಿಯ ಕೈಯ ಹೋಳಿಗೆ ತಿಂದು ಸುಖವಾಗಿ ಯುಗಾದಿ ಮಾಡುತ್ತಿದ್ದ. ಆದರೆ ಅಂಕಿಸಂಖ್ಯೆಯ ಇಲಾಖೆಯಲ್ಲಿ ನೌಕರಿ ಸಿಕ್ಕು ಇನ್ನೂ ವರ್ಷ ತುಂಬಿರಲಿಲ್ಲ. ಕಲಿತದ್ದನ್ನು ಯಾರಿಗಾದರೂ ಹೇಳದಿದ್ದರೆ ಅವನಿಗೆ ಹೊಟ್ಟೆ ಉಬ್ಬರಿಸುತ್ತಿತ್ತು.

ತಾಂಡೂರಿನಾಚೆ ಹಾಸುಗಲ್ಲಿನ ಖಣಿಗಳ ನಡುವಿದ್ದ ಆ ಸಣ್ಣ ಊರಿಗೆ ಅವನು ಬಂದದ್ದು ಹುಟ್ಟು ಸಾವಿನ ಲೆಕ್ಕಕ್ಕೆ. ಪಟೇಲ ಶಿವಶಂಕರಪ್ಪನವರು ಯುಗಾದಿಯಿಂದ ಯುಗಾದಿಗೆ ವರ್ಷ ಹಿಡಿದು ಎಲ್ಲವನ್ನೂ ಬಾಯಲ್ಲೇ ಹೇಳಿದರು. ಮುಗಿಯುತ್ತಿದ್ದ ಈ ವರ್ಷ ಸತ್ತವರು ಮೂವರು. ಇಬ್ಬರು ಮುದುಕರು, ಮೂರನೆಯವನು ಕಲ್ಲು ಒಡೆಯುವ ಕಾಶಿರಾಮ.

“ಖಣಿ ಹೊಂಡದ ದಂಡಿ ಮ್ಯಾಲ ಅವನ ಚಪ್ಲಿ ಸಿಕ್ಕವ್ರಿ. ಹೆಣ ಸಿಗಲಿಲ್ಲ. ಹೇಣ್ತಿ ಸಾಬಮ್ಮ ತಿಥೀನೂ ಮಾಡ್ಯಾಳ. ಬರಕೋರಿ.”

ಚಪ್ಪಲಿ ನೋಡಿ ಸಾವು ಬರೆಯಬಾರದು ಎಂಬುದು ವೈಜಿನಾಥನಿಗೆ ಗೊತ್ತಿತ್ತು. ಆದರೆ ಬಿಸಿಲು ಏರುತ್ತಿತ್ತು. ಬರೆದುಕೊಂಡ.

ಆಮೇಲೆ ತುಳಜಪ್ಪನ ಹೋಟೆಲಿನ ಕಟ್ಟೆಯ ಮೇಲೆ ಕೂತು, ಊರವರೆಲ್ಲ ಕೇಳುವಂತೆ ಹೇಳಿದ: “ಪಟೇಲ್ರ, ಹಿಂದಿನ ಐದು ವರ್ಷದಾಗ ಇಪ್ಪತ್ತು ಮಂದಿ ಸತ್ತಾರ. ಅಂದ್ರ ನಿಮ್ಮೂರಾಗ ವರ್ಷಕ್ಕ ಸರಾಸರಿ ನಾಕು ಸಾವು ನೋಡ್ರಿ!”

ತುಳಜಪ್ಪ ಕೆಟಲಿ ಕೆಳಗಿಟ್ಟ. “ನಾಕಾ? ಈ ವರ್ಷ ಮೂರೇ ಆಗ್ಯಾವಲ್ರಿ. ನಾಳಿ ಉಗಾದಿ.”

ಅಮಾವಾಸ್ಯೆಯೆಂದು ಖಣಿಗಳಿಗೆ ರಜೆ. ಕಲ್ಲು ಒಡೆಯುವವರೆಲ್ಲ ಕಟ್ಟೆಯ ಸುತ್ತಲೇ ಇದ್ದರು. ಎಲ್ಲರ ಕಣ್ಣುಗಳೂ ನಿಧಾನವಾಗಿ ಬೇವಿನ ಗಿಡದ ಕೆಳಗೆ ಕೂತಿದ್ದ ಈಶಮ್ಮನ ಕಡೆ ಹೊರಳಿದವು. ಊರಿನಲ್ಲಿ ಅವಳಿಗಿಂತ ಹಿರಿಯರಿರಲಿಲ್ಲ.

“ನನ್ ಮಾರಿ ಏನ್ ನೋಡ್ತೀರೋ, ನಿಮ್ ಬಾಯಾಗ ಮಣ್ಣ ಹಾಕ! ನಾ ಎಲ್ಲಿಗೂ ಹೋಗಂಗಿಲ್ಲ. ನಾಳಿ ಬೇವು ಕುಡಿಯಾಕಿ ಇದ್ದೀನಿ!”

ವೈಜಿನಾಥ ಗಾಬರಿಯಾದ. “ಸರಾಸರಿ ಅಂದ್ರ ಹಂಗಲ್ರಿ. ಒಂದು ವರ್ಷ ಹೆಚ್ಚಾಗ್ತದ, ಒಂದು ವರ್ಷ ಕಡಿಮಿ.”

“ಮತ್ತ ನಿಮ್ಮ ಹಿಸಾಬ್ ಸುಳ್ಳೇನ್ರಿ?” ಎಂದರು ಪಟೇಲರು.

“ಸುಳ್ಳು ಹ್ಯಾಂಗಾಗ್ತದ? ಖರೇನೇ ಅದ.”

“ಖರೇ ಇದ್ರ ಒಬ್ರು ಬಾಕಿ ಅದಾರ.”

ತುಳಜಪ್ಪ ಏನೋ ಯೋಚಿಸುತ್ತಿದ್ದ. “ಸಾಹೇಬ್ರ, ಕಾಲರಾ ಬಂದ ವರ್ಷ ಒಬ್ಬ ಬಳೆಗಾರ ಇಲ್ಲೇ ಸತ್ತ. ನಮ್ಮೂರಾಂವ ಅಲ್ಲ. ಅವನ್ನೂ ಹಿಡದೀರೇನು?”

ಬಲ್ಲ ಪ್ರಶ್ನೆ ಬಂತೆಂದು ವೈಜಿನಾಥನ ಎದೆ ಉಬ್ಬಿತು. “ಹಿಡದೀನಿ! ಯಾವ ಊರಾಂವ ಇದ್ರೂ, ಎಲ್ಲಿ ಜೀವ ಹೋಗ್ತದ ಆ ಊರಿನ ಲೆಕ್ಕಕ್ಕೇ ಬರ್ತಾನ. ಅದೇ ಕಾಯ್ದಾ.”

ಹೇಳಿದ ಮೇಲೆ ಅವನಿಗೇ ಏನೋ ತಪ್ಪಿದಂತೆ ಅನಿಸಿತು. ಈಶಮ್ಮನನ್ನು ನೋಡುತ್ತಿದ್ದ ಕಣ್ಣುಗಳೆಲ್ಲ ಅವಳನ್ನು ಬಿಟ್ಟು ಒಂದೊಂದಾಗಿ ಅವನ ಮೇಲೆ ಬಂದು ಕೂತಿದ್ದವು. ಯಾರ ಮುಖದಲ್ಲೂ ಸಿಟ್ಟಿರಲಿಲ್ಲ. ಎಲ್ಲರೂ ಮದುಮಗನನ್ನು ನೋಡುವಂತೆ ಅಕ್ಕರೆಯಿಂದ ನೋಡುತ್ತಿದ್ದರು.

ಈಶಮ್ಮ ಮನೆಯಿಂದ ತನ್ನ ದಿಂಬು ತಂದು ಅವನ ಬೆನ್ನಿಗಿಟ್ಟಳು. “ಒರಗಪ್ಪಾ, ನನ ಕಂದ.” ಮಲಗಲು ಹೊರಸು ಬಂತು, ಹಾಲು ಬಂತು, ರೊಟ್ಟಿಯ ಮೇಲೆ ತುಪ್ಪ ಹರಿಯಿತು. ಇನ್ನೇನಾದರೂ ತಿನ್ನುವ ಆಸೆ ಇದ್ದರೆ ಹೇಳಿಬಿಡಿ ಎಂದು ಸಾಬಮ್ಮ ಕಣ್ಣೊರೆಸಿಕೊಂಡಳು. ಪಟೇಲರು ಮಗ್ಗುಲಲ್ಲಿ ಕೂತು ಮೆಲ್ಲಗೆ ಕೇಳಿದರು: “ಕೊಳ್ಳಾಗ ಲಿಂಗ ಅದ ಏನ್ರಿ?”

“ಅದರಿ. ಯಾಕ?”

“ಏನಿಲ್ಲ.” ಪಟೇಲರು ತುಳಜಪ್ಪನ ಕಡೆ ತಿರುಗಿದರು. “ಕುಂಡ್ರಸೋದು. ತಗ್ಗು ಉದ್ದ ಬ್ಯಾಡ, ಆಳ ಇರ್ಲಿ.”

ಇಬ್ಬರು ಗುದ್ದಲಿ ಬುಟ್ಟಿ ಹಿಡಿದು ಊರ ಹಿಂದಕ್ಕೆ ನಡೆದರು. ಸ್ವಲ್ಪ ಹೊತ್ತಿನಲ್ಲಿ ಅತ್ತಲಿಂದ ದಬ್, ದಬ್ ಎಂದು ಸಪ್ಪಳ ಶುರುವಾಯಿತು. ವೈಜಿನಾಥ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟ.

“ನಾ ನಡಕೋತ ಹೋಗ್ತೀನ್ರಿ,” ಎಂದು ಎದ್ದ. ಯಾರೂ ತಡೆಯಲಿಲ್ಲ. “ಹೊಂಡದ ದಂಡಿಗುಂಟ ಹೋಗ್ರಿ, ಹತ್ರ ಆಗ್ತದ,” ಎಂದ ತುಳಜಪ್ಪ. ಹೊಂಡದ ನೀರು ಮಟಮಟ ಮಧ್ಯಾಹ್ನದಲ್ಲೂ ಕಪ್ಪಗಿತ್ತು. ನಾಲ್ಕು ಹೆಜ್ಜೆ ಇಟ್ಟಿದ್ದನೋ ಇಲ್ಲವೋ, ಕಾಲಡಿಯ ಕಲ್ಲು ಜಾರಿ ಗುಳುಂ ಎಂದು ಮುಳುಗಿತು. ಅವನು ಅಂಗಾತ ಬಿದ್ದು ಗಿಡದ ಬೇರು ಹಿಡಿದುಕೊಂಡ. ತಿರುಗಿ ನೋಡಿದರೆ ಇಡೀ ಊರೇ ಹಿಂದೆ ಸಾಲಾಗಿ ನಿಂತಿತ್ತು. ಎಲ್ಲರೂ ಒಮ್ಮೆಲೇ ಉಸಿರು ಬಿಟ್ಟರು. ಅದು ಸಮಾಧಾನದ ಉಸಿರೋ, ನಿರಾಸೆಯದೋ, ಅವನಿಗೆ ತಿಳಿಯಲಿಲ್ಲ.

ಜೀವಭಯ ಬಂದರೆ ತಲೆ ಓಡುತ್ತದೆ ನೋಡಿ. “ಪಟೇಲ್ರ!” ಎಂದು ಬಿದ್ದಲ್ಲಿಂದಲೇ ಕೂಗಿದ. “ನಾಕಲ್ಲ, ಮೂರು! ಕಾಲರಾ ವರ್ಷ ಒಂದರಾಗೇ ಎಂಟು ಮಂದಿ ಹೋಗ್ಯಾರ. ಆ ಒಂದು ಕೆಟ್ಟ ವರ್ಷ ಸರಾಸರಿನ ಮ್ಯಾಲ ಜಗ್ಗ್ಯದ. ಅದನ್ನ ಬಾಜೂಕ ಇಡ್ರಿ. ಉಳಿದ ನಾಕು ವರ್ಷ ಮೂರು, ಮೂರು, ಮೂರು, ಮೂರು! ನಿಮ್ಮೂರಿಗಿ ವರ್ಷಕ್ಕ ಮೂರೇ. ಈ ವರ್ಷದ್ದೂ ಮೂರಾಗ್ಯಾವ!”

ಹೇಳುತ್ತಿದ್ದಂತೆ ಅವನ ಮೈ ಜುಮ್ಮೆಂದಿತು. ಯಾವ ಊರಿನಲ್ಲಾದರೂ ವರ್ಷಕ್ಕೆ ಸರಿಯಾಗಿ ಮೂರೇ ಜನ ಸಾಯುವುದುಂಟೇ? ಆದರೆ ಅದನ್ನು ವಿಚಾರಿಸುವ ಹೊತ್ತು ಅದಾಗಿರಲಿಲ್ಲ.

ಪಟೇಲರು ಬೆರಳು ಮಡಚಿ ಎಣಿಸಿದರು. “ಹಿಸಾಬ್ ಬರಾಬರ್ ಅದ,” ಎಂದರು. ಗುದ್ದಲಿಯ ಸಪ್ಪಳ ನಿಂತಿತು. ಈಶಮ್ಮ ದಿಂಬು ಎತ್ತಿಕೊಂಡು ಮನೆಗೆ ಹೋದಳು. ಆಮೇಲೆ ಅವನಿಗೆ ಯಾರೂ ನೀರು ಬೇಕೇ ಎಂದೂ ಕೇಳಲಿಲ್ಲ. ಆ ತಾತ್ಸಾರ ಅವನಿಗೆ ಅಮೃತದಂತೆ ಹಿತವಾಗಿತ್ತು.

ಹೊತ್ತು ಮುಳುಗುವಾಗ ಬಸ್ಸು ಬಂತು. ವೈಜಿನಾಥ ಚೀಲವನ್ನು ಒಳಗೆಸೆದು ಒಂದು ಕಾಲು ಮೆಟ್ಟಿಲ ಮೇಲಿಟ್ಟ. ಆಗ ಒಳಗಿನಿಂದ ಒಬ್ಬ ಅವನನ್ನು ಪಕ್ಕಕ್ಕೆ ಸರಿಸಿ ಇಳಿದ. ಕಂಕುಳಲ್ಲಿ ಹೊಸ ಸೀರೆ, ಕಾಲಲ್ಲಿ ಹೊಸ ಚಪ್ಪಲಿ.

ಸಾಬಮ್ಮ ಚೀರಿದಳು. “ಕಾಶಿರಾಮಾ! ಹೊಂಡದಾಗ ಬಿದ್ದು ಸತ್ತಿಲ್ಲೇನೋ ನೀ?”

“ನಾ ಯಾಕ ಸಾಯ್ಲಿ? ನಿನ್ನ ಕೂಡ ಜಗಳಾಡಿ ಸೊಲ್ಲಾಪುರಕ್ಕ ಹೋಗಿದ್ದೆ, ಗಿರಣಿ ಕೆಲಸಕ್ಕ. ಹಳೀ ಚಪ್ಲಿ ಹರದಿದ್ದವು, ದಂಡಿ ಮ್ಯಾಲ ಬಿಟ್ಟೆ.”

ಸಾಬಮ್ಮ ಅವನನ್ನು ಅಪ್ಪಿಕೊಂಡು ಅತ್ತಳು, ಅದೇ ಕೈಯಿಂದ ಬಡಿದಳು. ಊರೆಲ್ಲ ನಕ್ಕಿತು. ವೈಜಿನಾಥನೂ ನಕ್ಕ.

ನಗು ಒಮ್ಮೆಲೇ ನಿಂತಿತು. ಪಟೇಲರು ಕೈ ಎತ್ತಿ ಹಿಡಿದಿದ್ದರು. ಮಡಚಿದ್ದ ಮೂರು ಬೆರಳಿನಲ್ಲಿ ಒಂದನ್ನು ಮೆಲ್ಲಗೆ ಬಿಚ್ಚಿದರು.

“ಕಂಡಕ್ಟ್ರ, ಗಂಟಿ ಹೊಡೀರಿ!” ಎಂದು ವೈಜಿನಾಥ ಕಿರುಚಿದ. ಆದರೆ ತುಳಜಪ್ಪ ಅವನ ಚೀಲವನ್ನು ಆಗಲೇ ಕೆಳಗಿಳಿಸಿದ್ದ, ಅವನನ್ನೂ ರಟ್ಟೆ ಹಿಡಿದು ಗೌರವದಿಂದ ಇಳಿಸಿದ. “ಹೋಗ್ರಿ ಕಂಡಕ್ಟ್ರ. ಸಾಹೇಬ್ರದು ಉಗಾದಿ ಇಲ್ಲೇ.”

ಬಸ್ಸು ಧೂಳೆಬ್ಬಿಸಿ ಹೋಯಿತು. ಊರ ಹಿಂದೆ ಮತ್ತೆ ದಬ್, ದಬ್ ಎಂದು ಕೇಳತೊಡಗಿತು.

“ಖರೇ ಹೇಳಿದ್ರಿ ಸಾಹೇಬ್ರ,” ಎಂದರು ಪಟೇಲರು ಪ್ರೀತಿಯಿಂದ. “ಮೂರಂದ್ರ ಮೂರೇ. ಮುಂಜಾನಿತನಕ ಆರಾಮ ಕುಂಡ್ರಿ.”

ಈಶಮ್ಮ ದಿಂಬು ತಂದಳು.