ತೊಟ್ಟಿಲು ತೂಗುವ ಯಂತ್ರಕ್ಕೆ ನಾನು ಬಳಿದ ಬೆಳ್ಳಿ ಬಣ್ಣ

ಹಳೇ ಯಂತ್ರಗಳಿಗೂ ಮ್ಯೂಸಿಯಂ ಇರುತ್ತದೆ ಎಂದು ನನಗೆ ಮೊದಲು ಗೊತ್ತಾದದ್ದು ನಾವು ಮನೆ ಬದಲಿಸಲು ಸಾಮಾನು ಕಟ್ಟುತ್ತಿದ್ದ ದಿನ. ಮಗ ಮಂಚದ ಕೆಳಗೆ ನುಸುಳಿ ಅವರಪ್ಪ ಮಾಡಿದ್ದ ತೊಟ್ಟಿಲು ತೂಗುವ ಯಂತ್ರವನ್ನು ದರದರ ಎಳೆದು ಹೊರಗೆ ಹಾಕಿದ.

"ಅಮ್ಮಾ, ಇದನ್ನ ಗುಜರಿಗೆ ಹಾಕೋದು ಬೇಡ. ಮ್ಯೂಸಿಯಂಗೆ ಕೊಡೋಣ. ಜನ ಟಿಕೆಟ್ ತಗೊಂಡು ಬಂದು ನೋಡ್ತಾರೆ."

"ಟಿಕೆಟ್ ತಗೊಂಡಾ? ಇಷ್ಟು ವರ್ಷ ನಮ್ಮ ಮಂಚದ ಕೆಳಗೆ ಬಗ್ಗಿದ್ರೆ ಪುಕ್ಕಟೆ ನೋಡಬಹುದಿತ್ತಲ್ಲೋ!"

ತೀರಿಹೋದ ನಮ್ಮ ಯಜಮಾನರು ಬಸ್ ಡಿಪೋದಲ್ಲಿ ಫಿಟ್ಟರ್ ಆಗಿದ್ದವರು. ಮಗ ಕೂಸಾಗಿದ್ದಾಗ ತೊಟ್ಟಿಲು ತೂಗುವುದನ್ನು ನಿಲ್ಲಿಸಿದರೆ ಸಾಕು, ಬೀದಿಗೆಲ್ಲ ಕೇಳುವಂತೆ ಚೀರುತ್ತಿದ್ದ. ಒಂದು ದಿನ ಅವರು ಗುಜರಿಗೆ ಹೋಗಬೇಕಿದ್ದ ಬಸ್ಸಿನ ವೈಪರ್ ಮೋಟರು, ಒಂದು ಸೈಕಲ್ ಚೈನು, ಮೋಟರು ಮುಚ್ಚಲು ಹಾಲಿನ ಪುಡಿಯ ಡಬ್ಬಿ ಎಲ್ಲ ಸೇರಿಸಿ ಈ ಮಹಾಯಂತ್ರವನ್ನು ಕಟ್ಟಿದರು. ಬಸ್ಸಿನ ಗಾಜು ಒರೆಸಬೇಕಾಗಿದ್ದ ಮೋಟರು ನನ್ನ ಕೂಸನ್ನು ಆಚೆಗೊಮ್ಮೆ ಈಚೆಗೊಮ್ಮೆ ಎಸೆಯುತ್ತಿತ್ತು. ಕೂಸು ನಿದ್ದೆ ಹೋಗುತ್ತಿತ್ತೋ, ತಲೆ ತಿರುಗಿ ಕಣ್ಣು ಮುಚ್ಚುತ್ತಿತ್ತೋ, ದೇವರೇ ಬಲ್ಲ! ಅವರಪ್ಪ ಅವನನ್ನು ಕರೆಯುತ್ತಿದ್ದುದು 'ಸ್ಪ್ಯಾನರ್' ಎಂದು. ಈಗ ಲಿಫ್ಟ್ ರಿಪೇರಿ ಮಾಡುತ್ತಾನೆ. ಅಂದು ಅಡ್ಡಡ್ಡ ತೂಗಿಸಿಕೊಂಡವನು ಇಂದು ಊರ ಜನರನ್ನೆಲ್ಲ ಮೇಲೆ ಕೆಳಗೆ ತೂಗುತ್ತಿದ್ದಾನೆ.

ಹೊಸ ಮನೆಯ ಮಂಚವೋ, ಪೆಟ್ಟಿಗೆ ಮಂಚ. ಅದಕ್ಕೆ 'ಕೆಳಗೆ' ಎನ್ನುವುದೇ ಇಲ್ಲ! ಹಾಗಾಗಿ ಯಂತ್ರಕ್ಕೆ ಇದ್ದದ್ದು ಎರಡೇ ದಾರಿ: ಮ್ಯೂಸಿಯಂ, ಇಲ್ಲವೇ ಗುಜರಿ ಅಂಗಡಿ. ಯಜಮಾನರ ಕೈಕೆಲಸ ಗುಜರಿಯವನ ತಕ್ಕಡಿ ಹತ್ತುವುದೇ? ಛೆ! ನಾನಿರುವಾಗಲೇ? ಅದನ್ನು ನೋಡಿದ ಮ್ಯೂಸಿಯಂನವರು ಎದ್ದು ನಿಂತು ನಮಸ್ಕಾರ ಮಾಡಬೇಕು, ಹಾಗೆ ಸಿಂಗರಿಸಿ ಕಳಿಸುತ್ತೇನೆ ಎಂದು ಶಪಥ ಮಾಡಿದೆ.

ಕೊಳೆ ಎಂದರೆ ನನಗೆ ಹಗೆ. ನಾನು ಬೆಳಗಿದ ಪಾತ್ರೆಯಲ್ಲಿ ಮುಖ ನೋಡಿಕೊಂಡು ಯಜಮಾನರು ಗಡ್ಡ ಹೆರೆದುಕೊಳ್ಳುತ್ತಿದ್ದರು. ಮಗ ಕೆಲಸಕ್ಕೆ ಹೋದ ಹೊತ್ತು ನೋಡಿ ಯಂತ್ರವನ್ನು ಹಿತ್ತಿಲಿಗೆ ಎಳೆದೆ. ಸೀಮೆಎಣ್ಣೆ ಸುರಿದೆ. ತಂತಿ ಬ್ರಷ್‌ನಿಂದ ತಿಕ್ಕಿದೆ, ಉಪ್ಪುಕಾಗದದಿಂದ ಉಜ್ಜಿದೆ, ಸೋಪಿನ ನೀರಲ್ಲಿ ಒರೆಸಿದೆ. ಕಿಟಕಿ ಸರಳಿಗೆ ಬಳಿದು ಮಿಕ್ಕಿದ್ದ ಬೆಳ್ಳಿ ಬಣ್ಣ ಡಬ್ಬಿಯ ತಳದಲ್ಲಿತ್ತು. ಅದನ್ನೂ ಬಳಿದೆ. ಅಬ್ಬಬ್ಬಾ, ಮದುವೆ ಗಂಡಿನ ಹಾಗೆ ಫಳಫಳ! ಮಗ ಮ್ಯೂಸಿಯಂನಲ್ಲೇ ನೋಡಿ ಬೆರಗಾಗಲಿ ಎಂದು ಹಳೇ ಬೆಡ್‌ಶೀಟಿನಲ್ಲಿ ಸುತ್ತಿ ಹಗ್ಗ ಬಿಗಿದೆ.

"ಎಷ್ಟು ಜೋಪಾನವಾಗಿ ಕಟ್ಟಿದ್ದೀಯಮ್ಮಾ!" ಎಂದು ಪಾಪ ಅವನು ಗಂಟನ್ನು ಬಿಚ್ಚದೇ ಕಾರಿಗೆ ಏರಿಸಿದ.

ಮೊದಲು ಸಿಕ್ಕಿದ್ದು ಟೆಲಿಫೋನ್ ಮ್ಯೂಸಿಯಂ. ಅಲ್ಲಿನ ಅಧಿಕಾರಿ ಗಂಟನ್ನು ಮುಟ್ಟಲೂ ಇಲ್ಲ.

"ಇದರಲ್ಲಿ ಮಾತಾಡೋಕೆ ಆಗುತ್ತಾ?"

"ಇದು ಇದ್ದಿದ್ದಕ್ಕೇ ಸ್ವಾಮಿ, ಗಂಡ ಹೆಂಡತಿ ನಾವು ನಾಲ್ಕು ಮಾತಾಡೋಕೆ ಬಿಡುವು ಸಿಕ್ಕಿದ್ದು!" ಎಂದೆ. ಅವರು ನಕ್ಕರು. ಯಂತ್ರವನ್ನು ಮಾತ್ರ ತೆಗೆದುಕೊಳ್ಳಲಿಲ್ಲ.

ಎರಡನೆಯದು ರೈಲು, ಹಡಗುಗಳ ಎಂಜಿನ್ ಇಡುವ ಕಡೆ. "ನಮ್ಮಲ್ಲಿ ಇಡಬೇಕಾದ್ರೆ ಕ್ರೇನ್ ಹಾಕಿ ಎತ್ತೋ ಅಂಥದ್ದಿರಬೇಕಮ್ಮಾ" ಎಂದರು.

"ಹಾಗಾದ್ರೆ ನನ್ನನ್ನೇ ಇಟ್ಕೊಳ್ಳಿ. ಕಾರಿಂದ ಇಳಿಸೋಕೆ ನನ್ನ ಮಗ ಕ್ರೇನನ್ನೇ ಹುಡುಕ್ತಿದ್ದಾನೆ!"

ಮಗ ಹೊಟ್ಟೆ ಹಿಡಿದುಕೊಂಡು ನಕ್ಕ. ದಾರಿಯುದ್ದಕ್ಕೂ ಉಗಿ ಎಂಜಿನ್ ಹೇಗೆ ಓಡುತ್ತದೆ ಎಂದು ಹೇಳಿದ್ದೇ ಹೇಳಿದ್ದು. ನನಗೆ ತಿಳಿದದ್ದು ನೀರು ಕುದಿಯುತ್ತದೆ ಎನ್ನುವಷ್ಟು ಮಾತ್ರ. ಆದರೂ ಹೂಂಗುಟ್ಟುತ್ತ, ಕಿತ್ತಳೆ ಸುಲಿದು ಅವನ ಬಾಯಿಗೆ ಹಾಕುತ್ತ ಕೂತೆ. ಅವನು ಸಂಪಾದನೆಗೆ ನಿಂತ ಮೇಲೆ ನಾವಿಬ್ಬರೂ ಇಷ್ಟು ಹೊತ್ತು ಒಟ್ಟಿಗೆ ಕೂತದ್ದೇ ಇರಲಿಲ್ಲ. ಸುಳ್ಳೇಕೆ, ಇನ್ನೂ ನಾಲ್ಕು ಮ್ಯೂಸಿಯಂನವರು ಬೇಡ ಎನ್ನಲಿ ಎಂದೂ ಒಮ್ಮೆ ಅನ್ನಿಸಿತು!

ಕೊನೆಯದು ಮನೆಬಳಕೆಯ ಯಂತ್ರಗಳ ಮ್ಯೂಸಿಯಂ. ಬಟ್ಟೆ ಹಿಂಡುವ ಯಂತ್ರ, ಬೆಣ್ಣೆ ಕಡೆಯುವ ಯಂತ್ರ, ಎಲ್ಲ ನಮ್ಮ ನೆಂಟರಂತೆ ಸಾಲಾಗಿ ನಿಂತಿದ್ದವು. ಅಲ್ಲಿನ ಮೇಡಂ, "ತೊಟ್ಟಿಲು ತೂಗೋದಾ! ಇಂಥದ್ದನ್ನೇ ಹುಡುಕ್ತಿದ್ದೆ" ಎಂದು ಕುರ್ಚಿ ಬಿಟ್ಟು ಎದ್ದರು. ಇದು ಬಿಟ್ಟರೆ ಮುಂದೆ ಗುಜರಿಯೇ. ಹಗ್ಗವನ್ನು ನಾನೇ ಬಿಚ್ಚಿ, ಪರದೆ ಸರಿಸುವವರ ಗತ್ತಿನಲ್ಲಿ ಬೆಡ್‌ಶೀಟು ಎಳೆದೆ.

ಫಳಾರ್!

ಮಗ ಬೆರಗಾದ. ನಾನೆಣಿಸಿದ ಬೆರಗು ಮಾತ್ರ ಅದಲ್ಲ. ಬಾಯಿ ತೆರೆದದ್ದು ಮುಚ್ಚಲಿಲ್ಲ.

ಮೇಡಂ ಮೆಲ್ಲಗೆ ಮುಟ್ಟಿ ನೋಡಿದರು. "ಯಾವಾಗ ಮಾಡಿದ್ದು ಅಂದ್ರಿ?"

"ನಾನು... ನಾನು ಕೂಸಾಗಿದ್ದಾಗ, ಮೇಡಂ."

"ನೀವು ಹುಟ್ಟಿದ್ದು ಹೋದ ವಾರವಾ?" ಅವರ ಬೆರಳ ತುದಿ ಬೆಳ್ಳಿಯಾಗಿತ್ತು.

"ಅಮ್ಮಾ! ಏನು ಮಾಡಿದ್ದೀಯಾ ಇದಕ್ಕೆ?"

"ಕೊಳೆ ತೆಗೆದೆ ಕಣೋ. ತಪ್ಪಾ?"

ಮೇಡಂ ನನ್ನನ್ನು ಕೂರಿಸಿ, ಮಗುವಿಗೆ ಹೇಳುವಂತೆ ಹೇಳಿದರು. "ಅಮ್ಮಾ, ನಮಗೆ ಬೇಕಾಗಿದ್ದೇ ಆ ಕೊಳೆ. ಕೈಯ ಗುರುತು, ಗ್ರೀಸು, ಕಲೆ. ಅವಿದ್ರೇನೇ ಇದು ಒಂದು ಮನೇಲಿ ದುಡಿದ ಯಂತ್ರ ಅಂತ ಗೊತ್ತಾಗೋದು. ಈಗ ಇದನ್ನ ಹೇಗೆ ಇಡಲಿ?"

ಜೀವಮಾನವೆಲ್ಲ ಕೊಳೆಯ ಮೇಲೆ ದಂಡೆತ್ತಿ ಹೋದವಳಿಗೆ ಎಂಥ ಮಾತು! ಯಜಮಾನರ ಯಂತ್ರವನ್ನು ನಾನೇ ಕೈಯಾರೆ ಗುಜರಿಯ ಬಾಗಿಲಿಗೆ ತಂದು ನಿಲ್ಲಿಸಿದ್ದೆ.

"ಒಂದು ವಾರ ಟೈಮ್ ಕೊಡಿ ಮೇಡಂ, ಮೊದಲಿಗಿಂತ ಚೆನ್ನಾಗಿ ಕೊಳೆ ಮಾಡಿ ತರ್ತೀನಿ!"

"ಅಮ್ಮಾ, ಸ್ವಲ್ಪ ಸುಮ್ನಿರ್ತೀಯಾ?" ಎಂದ ಮಗ. ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದ. "ಮೋಟರಿನ ಡಬ್ಬಿಯ ಮುಚ್ಚಳ ಬಿಚ್ಚಿದ್ಯಾ?"

"ಆ ಸ್ಕ್ರೂ ಜಪ್ಪಯ್ಯ ಅಂದ್ರೂ ಅಲುಗಲಿಲ್ಲ ಕಣೋ. ಅದಕ್ಕೇ ಬರೀ ಹೊರಗಡೆ ಬಣ್ಣ ಬಳಿದೆ." ಆ ಕ್ಷಣದಲ್ಲೂ ನನಗೆ ನಾಚಿಕೆ, ಮೂಲೆ ಬಿಟ್ಟು ಒರೆಸಿದವಳು ಎಂದುಕೊಂಡಾರಲ್ಲ ಎಂದು!

ಅವನು ತಿರುಗಿಸಿದ. ಗುದ್ದಿದ. ಮತ್ತೆ ತಿರುಗಿಸಿದ. ಮುಚ್ಚಳ ಕಿರ್ರೆಂದು ಬಿಟ್ಟುಕೊಂಡಿತು. ಒಳಗೆ, ಅಯ್ಯಯ್ಯೋ, ಮಾನ ಹೋಯಿತು! ಕರಿ ಗ್ರೀಸು, ಹಾಲಿನ ಕಲೆ, ಜೇಡರ ಬಲೆ. ವೈರಿಗೆ ಸುತ್ತಿದ್ದ ಹಳದಿ ಬಟ್ಟೆಯೋ, ನನ್ನ ಹೊಸ ಟವೆಲ್ಲಿನ ಅಂಚು. ಅದನ್ನು ಹರಿದವರು ಯಾರೆಂದು ಆಗ ನಾದಿನಿಯ ಜೊತೆ ಎಷ್ಟು ಜಗಳ ಆಡಿದ್ದೆ!

ಮೋಟರಿನ ಪಕ್ಕದಲ್ಲಿ, ಹೆಪ್ಪುಗಟ್ಟಿದ ಗ್ರೀಸಿನ ನಡುವೆ ಒಂದು ದೊಡ್ಡ ಕೊಳಕು ಮಚ್ಚೆ ಕಾಣಿಸಿತು. ನನ್ನ ಕೈ ನನ್ನ ಮಾತು ಎಂದು ಕೇಳಿದೆ? ಕರ್ಚೀಫು ಆಗಲೇ ಹೊರಗೆ ಬಂದಿತ್ತು, ತುದಿಗೆ ಎಂಜಲೂ ಹತ್ತಿತ್ತು.

"ಅಮ್ಮಾ!" ಮಗ, ಮೇಡಂ, ಬಾಗಿಲಲ್ಲಿದ್ದ ಕಾವಲುಗಾರ, ಮೂವರೂ ಒಟ್ಟಿಗೆ ಕೂಗಿದರು. ಮಗ ನನ್ನ ಮಣಿಕಟ್ಟು ಹಿಡಿದ. "ಸರಿಯಾಗಿ ನೋಡಮ್ಮಾ."

ನೋಡಿದೆ. ಅದು ಹೆಬ್ಬೆರಳ ಗುರುತು. ನಡುವೆ ಓರೆಯಾಗಿ ಒಂದು ಗೀರು. ಡಿಪೋದಲ್ಲಿ ಬೆಲ್ಟಿಗೆ ಸಿಕ್ಕಿ ಸೀಳಿದ್ದ ಹೆಬ್ಬೆರಳು. ಆ ಗಾಯಕ್ಕೆ ಬಟ್ಟೆ ಕಟ್ಟಿದವಳು ನಾನೇ. ಯಜಮಾನರು ಈಗಷ್ಟೇ ಕೈ ತೆಗೆದು ಆಚೆ ಹೋದಂತಿತ್ತು. ಕರ್ಚೀಫನ್ನು ಮಡಿಸಿ ಒಳಗಿಟ್ಟೆ.

"ಇದು ಸಾಕು" ಎಂದರು ಮೇಡಂ, ಕನ್ನಡಕ ಒರೆಸಿಕೊಳ್ಳುತ್ತ. "ಇದನ್ನ ನಾವು ತಗೊಳ್ತೀವಿ."

ಯಂತ್ರವನ್ನು ಜನರಿಗೆ ತೋರಿಸುವ ಮೊದಲ ದಿನ ನಮ್ಮನ್ನೂ ಕರೆದಿದ್ದರು. ಗಾಜಿನ ಪೆಟ್ಟಿಗೆ, ತೆರೆದಿಟ್ಟ ಮುಚ್ಚಳ, ನಾನು ಒರೆಸದೇ ಬಿಟ್ಟ ಕೊಳೆಯ ಮೇಲೆ ನೇರ ಬೆಳಕು! ಕೆಳಗೊಂದು ಫಲಕ. ಅಕ್ಷರ ಕೂಡಿಸಿ ಕೂಡಿಸಿ ಗಟ್ಟಿಯಾಗಿ ಓದಿದೆ: "ಹೊರಗಿನ ಬಣ್ಣ ಇತ್ತೀಚಿನದು. ಒಳಗಿನ ಕೊಳೆ ಅಸಲಿ."

ಸುತ್ತ ಇದ್ದವರೆಲ್ಲ ನಕ್ಕರು. ನಾನೂ ನಕ್ಕೆ, ಇನ್ನೇನು ಮಾಡಲಿ? ಅಷ್ಟರಲ್ಲಿ ದಪ್ಪ ಮೂಗಿನ ಮಹಾನುಭಾವರೊಬ್ಬರು ಬಗ್ಗಿ, ಗಾಜಿಗೆ ಮೂಗು ಒತ್ತಿ ನೋಡಿ ಹೋದರು. ಸರಿಯಾಗಿ ಯಜಮಾನರ ಹೆಬ್ಬೆರಳಿನ ಎದುರಿಗೇ ಜಿಡ್ಡಿನದೊಂದು ದುಂಡು ಮುದ್ರೆ! ನನ್ನ ಬೆರಳುಗಳು ಕರ್ಚೀಫಿಗಾಗಿ ಚೀಲದೊಳಗೆ ತಡಕಾಡತೊಡಗಿದವು.

ಮಗ ಪಕ್ಕಕ್ಕೆ ಬಂದು ಕಿವಿಯಲ್ಲಿ ಹೇಳಿದ: "ಅಮ್ಮಾ, ಎರಡೂ ಕೈ ಇಲ್ಲಿ ಕೊಡು. ಮನೆಗೆ ಹೋಗೋವರೆಗೂ ನನ್ನ ಹತ್ರಾನೇ ಇರಲಿ."